ದೊಡ್ಡವ್ವನಿಗೆ ಹೊದಿಸಿದ ಶಾಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ನಾನು ಮೂರು ನಾಲ್ಕು ಸಲ ಕೂಗಾಡುತ್ತೇನೆ, ಅದರಲ್ಲಿ ಒಂದು ಸಲವೂ ನ್ಯಾಯ ನನ್ನ ಕಡೆ ಇರುವುದಿಲ್ಲ.

ಅರಸೀಕೆರೆಯ ಕಾಲೇಜೊಂದರಲ್ಲಿ ಹನ್ನೆರಡು ವರ್ಷದಿಂದ ಮ್ಯಾನೇಜ್‌ಮೆಂಟ್ ಪಾಠ ಹೇಳುತ್ತಿದ್ದೇನೆ. ಯೋಜನೆ, ಸಂಘಟನೆ, ನಿರ್ದೇಶನ, ನಿಯಂತ್ರಣ. ಈ ನಾಲ್ಕು ಪದಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆಂದರೆ, ಮನೆಗೆ ಸಾಮಾನಿನ ಪಟ್ಟಿ ಬರೆಯಲು ಕೂತರೂ ಕೈ ತಾನಾಗಿ ‘ಯೋಜನೆ’ ಎಂದು ಶುರು ಹಚ್ಚಿಕೊಳ್ಳುತ್ತದೆ. ಆದರೆ ಈ ಹನ್ನೆರಡು ವರ್ಷದಲ್ಲಿ ನಾನು ಒಂದು ಬೀಡಾ ಅಂಗಡಿಯನ್ನೂ ನಡೆಸಿದವಳಲ್ಲ. ಈ ಮಾತನ್ನು ನಮ್ಮಪ್ಪ ಮದುವೆ, ನಾಮಕರಣ ಎನ್ನದೆ ನೆಂಟರ ಎದುರೆಲ್ಲ ಹೇಳಿಕೊಂಡು ನಗುತ್ತಿದ್ದರು.

ನಮ್ಮಪ್ಪ ಕೊಬ್ಬರಿ ವ್ಯಾಪಾರಿ. ಊರ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ ನಮ್ಮ ಶೆಡ್ ಇದೆ. ಕೆಳಗೊಂದು ದೊಡ್ಡ ಅಂಕಣ, ಮೇಲೆ ಅಟ್ಟ. ರೈತರಿಂದ ಬಂದ ತೆಂಗಿನಕಾಯಿ ಸಿಪ್ಪೆ ಸಮೇತ ಆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಅಲ್ಲಾಡತೊಡಗಿದಾಗ ಕೆಳಗಿಳಿಸಿ, ಸಿಪ್ಪೆ ಸುಲಿದು, ಚಿಪ್ಪು ಒಡೆದು ಆ ಉಂಡೆಯನ್ನು ಇಡಿಯಾಗಿ ತೆಗೆಯಬೇಕು. ಹಾಗೆ ಬಂದ ಇಡೀ ಉಂಡೆಗೆ ನಮ್ಮಲ್ಲಿ ಗಿಟಕು ಎನ್ನುತ್ತಾರೆ. ಮಚ್ಚಿನ ಏಟು ಒಂದಿಷ್ಟು ಜೋರಾದರೂ ಗಿಟಕು ಹೋಗಿ ಹೋಳಾಗುತ್ತದೆ. ಗಿಟಕಿಗೆ ಮಾರುಕಟ್ಟೆಯಲ್ಲಿ ಮರ್ಯಾದೆ, ಹೋಳು ಎಣ್ಣೆಯ ಗಿರಣಿಗೆ. ನಮ್ಮ ವ್ಯಾಪಾರವೆಲ್ಲ ನಿಂತಿರುವುದು ಇಷ್ಟರ ಮೇಲೆ.

ಒಡೆದ ಹೋಳಿನಲ್ಲಿ ಒಂದು ಚೂರು ಅಪ್ಪನ ಪಾಲಿನದು. ದಿನಾ ಮಧ್ಯಾಹ್ನ ಅಂಗಿಯ ಜೇಬಿನಿಂದ ಬೆಲ್ಲದ ಸಣ್ಣ ಉಂಡೆ ತೆಗೆದು, ಹೋಳಿನ ಜೊತೆ ಕಚ್ಚಿಕೊಂಡು ತಿನ್ನುವುದು ಅವರಿಗೆ ಪೂಜೆಯಷ್ಟೇ ತಪ್ಪದ ಕೆಲಸವಾಗಿತ್ತು.

ಹೋದ ವರ್ಷ ಅಪ್ಪನ ಮೊಣಕಾಲು ಕೈಕೊಟ್ಟಿತು. ಏಣಿ ಹತ್ತಿ ಅಟ್ಟ ನೋಡಲಾಗದವನು ಕೊಬ್ಬರಿ ವ್ಯಾಪಾರ ಮಾಡಬಾರದು ಎಂಬುದು ಅವರ ಗಟ್ಟಿ ನಂಬಿಕೆ. ಅದೇ ಹೊತ್ತಿಗೆ ಟೈಲ್ಸ್ ಅಂಗಡಿಯವನೊಬ್ಬ ಶೆಡ್ಡನ್ನು ಗೋಡೌನಿಗೆ ಬಾಡಿಗೆ ಕೇಳಿಕೊಂಡು ಬಂದ. ನಗುಮುಖದ ಮನುಷ್ಯ, ಜೇಬಿನಲ್ಲಿ ಸದಾ ಅಳತೆ ಟೇಪು. ಮಾತಾಡುತ್ತ ಮಾತಾಡುತ್ತಲೇ ಗೋಡೆಗೆ ಟೇಪು ಹಿಡಿದುಬಿಡುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಆ ಶೆಡ್ ನನಗೆ ಬೇಕಿತ್ತು. ಹೆಣ್ಣುಮಕ್ಕಳು ತವರಿನಿಂದ ಸರ, ಬಳೆ ಬಯಸುತ್ತಾರೆ. ನಾನು ಚಿಕ್ಕವಳಿದ್ದಾಗಿನಿಂದ ಬಯಸಿದ್ದು ಕೊಬ್ಬರಿ ಘಮದ ಆ ಅಂಕಣವನ್ನು. ಮಗ್ಗಿ ಕಲಿತದ್ದು ಅಲ್ಲಿ, ಗೋಣಿಚೀಲದ ಮೇಲೆ ನಿದ್ದೆ ಹೋದದ್ದು ಅಲ್ಲಿ. ಅಲ್ಲಿ ಕೆಲಸಕ್ಕೆ ಬರುವ ಎಂಟು ಹೆಂಗಸರಲ್ಲಿ ಅರ್ಧ ಜನ ನನ್ನನ್ನು ಎತ್ತಿ ಆಡಿಸಿದವರು. ಟೈಲ್ಸ್ ಬಂದರೆ ಅವರು ಎಲ್ಲಿಗೆ ಹೋಗಬೇಕು? ಹೀಗೆಲ್ಲ ಹೇಳಿ ಅಪ್ಪನ ಎದುರು ಕೂಗಾಡಿದೆ. ಇದು ಮೊದಲನೆಯ ಕೂಗಾಟ.

ಅಪ್ಪ ಬೆಲ್ಲ ಚೀಪುತ್ತ ಎಲ್ಲ ಕೇಳಿಸಿಕೊಂಡರು. “ಇದೊಂದು ಅಟ್ಟ ನೀನೇ ನೋಡ್ಕೊಳಮ್ಮ. ಖಾಲಿಯಾಗೋ ಹೊತ್ಗೆ ನನ್ ಕಾಲದಾಗೆ ಬತ್ತಿದ್ದಂಗೆ ಗಿಟಕು ಬಂದ್ರೆ ಶೆಡ್ಡು ನಿಂದು. ಹೋಳು ಜಾಸ್ತಿ ಆಯ್ತೋ, ಟೈಲ್ಸ್‌ನೋನಿಗೆ ಬೀಗದ ಕೈ ಕೊಟ್ಬುಡ್ತೀನಿ” ಎಂದರು.

ನಾನು ಕಾಲೇಜಿಗೆ ಒಂದು ಸೆಮಿಸ್ಟರ್ ರಜೆ ಹಾಕಿದೆ.

ಮೊದಲ ದಿನವೇ ಕಾಲೇಜಿನ ಹಳೆಯ ಕರಿಹಲಗೆಯನ್ನು ಆಟೋದಲ್ಲಿ ಹೇರಿಸಿಕೊಂಡು ಹೋಗಿ ಶೆಡ್ಡಿನ ಗೋಡೆಗೆ ಒರಗಿಸಿದೆ. ಎಂಟೂ ಹೆಂಗಸರನ್ನು ಎದುರಿಗೆ ಕೂರಿಸಿ, ಒಂದು ಸಂಸ್ಥೆ ತನ್ನ ಬಲ, ದೌರ್ಬಲ್ಯ, ಅವಕಾಶ, ಅಪಾಯ ಇವನ್ನು ತಿಳಿದಿರಬೇಕೆಂದು ವಿವರಿಸಿ, “ನಮ್ಮ ದೌರ್ಬಲ್ಯ ಏನು, ಹೇಳಿ” ಎಂದೆ.

ಎಲ್ಲರೂ ಸೆರಗಿನ ತುದಿ ನೋಡಿಕೊಂಡರು. ಕೊನೆಗೆ, ಎಡಗೈಯಲ್ಲಿ ಮಚ್ಚು ಹಿಡಿಯುವ ಕಾರಣಕ್ಕೆ ಎಲ್ಲರ ಬಾಯಲ್ಲೂ ಎಡಚಿ ಆಗಿಬಿಟ್ಟಿದ್ದ ಹೆಂಗಸು ಬಾಯಿ ಬಿಟ್ಟಳು. “ಯಾರ್ದು? ನಿಮ್ದಾ, ನಮ್ದಾ?”

“ಶೆಡ್ಡಿಂದು.”

“ಟೀ ನೀರಾಗಿರ್ತೈತೆ.”

ಬರೆದುಕೊಂಡೆ. “ಅವಕಾಶ?”

“ನಾಳೆ ನಂಟ್ರ ಮನೆ ಗೃಹಪ್ರವೇಶ ಐತೆ. ಅವಕಾಶ ಮಾಡ್ಕೊಟ್ರೆ ಹೋಗ್ಬತ್ತೀವಿ.”

“ಅದಲ್ಲ... ಹೋಗ್ಲಿ, ಅಪಾಯ?”

“ಏಣಿ!” ಎಂದು ಎಂಟೂ ಜನ ಒಟ್ಟಿಗೆ ಕೂಗಿದರು.

ಅಟ್ಟದ ಏಣಿಯ ಮೂರನೆಯ ಮೆಟ್ಟಿಲು ಸಡಿಲವಾಗಿತ್ತಂತೆ. ಮೂರು ವರ್ಷದಿಂದ ಹೇಳುತ್ತಿದ್ದರಂತೆ. ಅಪ್ಪ ಮೂರು ವರ್ಷದಿಂದ “ನಾಳೆ ಮಾಡ್ಸಣ” ಎನ್ನುತ್ತಿದ್ದರಂತೆ. ನಾನು ಆಗಲೇ ಬಡಗಿಯನ್ನು ಕರೆಸಿ ಹೊಸ ಮೆಟ್ಟಿಲು ಹಾಕಿಸಿದೆ. ಆ ಸಂಜೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮನೆಗೆ ಹೋದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಎಂಟು ಜನರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದೆವು. ಮಡಿಸಿದ ಗೋಣಿಚೀಲ ಹಾಕಿಕೊಂಡು ಅಂಕಣದ ನಟ್ಟನಡುವೆ, ಸುಲಿದ ಕಾಯಿಗಳ ರಾಶಿಗೆ ಒರಗಿದಂತೆ ಕೂರುತ್ತಿದ್ದಳು. ಸುತ್ತ ಉಳಿದವರು. ಒಂದೊಂದೇ ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗಿನ ಉಂಡೆಯ ಸದ್ದು ಕೇಳಿ, ಇನ್ನೂ ಹಸಿ ಇದ್ದರೆ ಬಿಸಿಲಿನ ಬುಟ್ಟಿಗೆ, ಹದವಾಗಿದ್ದರೆ ಯಾರಾದರೊಬ್ಬರ ಕಡೆಗೆ ಎಸೆಯುವಳು. ಇದನ್ನೆಲ್ಲ ಎಲೆಅಡಿಕೆ ಜಗಿಯುತ್ತ, ಯಾರ ಮನೆಯ ಎಮ್ಮೆ ಕರು ಹಾಕಿತು ಎಂದು ವಿಚಾರಿಸುತ್ತಲೇ ಮಾಡುತ್ತಿದ್ದಳು. ಅವಳ ಕೈಯಿಂದ ಬಂದ ಕಾಯಿಯನ್ನಷ್ಟೇ ಉಳಿದವರು ಒಡೆಯುವುದು. ಅದು ಆ ಶೆಡ್ಡಿನ ಪದ್ಧತಿ.

ನಾನು ಮೊಬೈಲಿನಲ್ಲಿ ಸಮಯ ನೋಡುತ್ತ ಎರಡು ದಿನ ಕೂತೆ. ನನ್ನ ಕಣ್ಣಿಗೆ ಕಂಡದ್ದೇ ಬೇರೆ. ಏಳು ಜನ ಮಚ್ಚು ಹಿಡಿದು ಕಾಯುತ್ತಾರೆ, ಎಲ್ಲ ಕಾಯಿಯೂ ಒಬ್ಬಳ ಕಿವಿಯ ಮೂಲಕವೇ ದಾಟಬೇಕು. ರೈಲ್ವೆ ಗೇಟು ಹಾಕಿದಾಗ ಎರಡೂ ಕಡೆ ಗಾಡಿ ನಿಂತ ಹಾಗೆ. ಇಂಥದ್ದನ್ನು ನಾವು ಪಾಠದಲ್ಲಿ ಬಾಟಲ್‌ನೆಕ್ ಎನ್ನುತ್ತೇವೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುತ್ತದೆ. ಒಬ್ಬರ ಮೇಲೆ ನಿಂತ ಸಂಸ್ಥೆ ಸಂಸ್ಥೆಯೇ ಅಲ್ಲ ಎಂದು ವರ್ಷವರ್ಷವೂ ಮಕ್ಕಳಿಗೆ ನೋಟ್ಸ್ ಬರೆಸುವವಳು ನಾನು. ಗೇಟು ತೆಗೆಸುವುದೆಂದು ತೀರ್ಮಾನಿಸಿದೆ. ಇನ್ನು ಮೇಲೆ ಎಲ್ಲರಿಗೂ ಸಮನಾಗಿ ಬುಟ್ಟಿ, ಅವರವರ ಕಾಯಿಯನ್ನು ಅವರವರೇ ಅಲ್ಲಾಡಿಸಿ ಒಡೆಯುವುದು. ದೊಡ್ಡವ್ವನಿಗೆ ಬಡ್ತಿ. ಅವಳು ಸೂಪರ್‌ವೈಸರ್. ಕುರ್ಚಿಯಲ್ಲಿ ಕೂತು, ಹೊರಬಂದ ಗಿಟಕನ್ನು ಪರೀಕ್ಷೆ ಮಾಡುವುದಷ್ಟೇ ಅವಳ ಕೆಲಸ.

ಇಷ್ಟು ವರ್ಷ ದುಡಿದವಳಿಗೆ ಬಡ್ತಿಯನ್ನು ಬರಿಬಾಯಲ್ಲಿ ಹೇಳಿದರೆ ಚೆನ್ನಾಗಿರುತ್ತದೆಯೇ? ನಮ್ಮ ಕಾಲೇಜಿನಲ್ಲಂತೂ ಯಾರು ಬಂದರೂ ಶಾಲು. ಅತಿಥಿ ಬಂದರೆ ಶಾಲು, ಅತಿಥಿಯ ಜೊತೆ ಬಂದವರಿಗೂ ಒಂದು ಶಾಲು. ನಾನೂ ಪೇಟೆಗೆ ಹೋಗಿ ಜರಿ ಅಂಚಿನ ಶಾಲು, ಗಂಧದ ಹಾರ, ಹಣ್ಣಿನ ತಟ್ಟೆ ತಂದೆ. ಹೊಸ ಪ್ಲಾಸ್ಟಿಕ್ ಕುರ್ಚಿಗೆ ಕೆಂಪು ಬಟ್ಟೆ ಹೊದಿಸಿ ದೊಡ್ಡವ್ವನನ್ನು ಕೂರಿಸಿದೆ. ಅರಿಸಿನ ಕುಂಕುಮ ಕೊಟ್ಟು, ಶಾಲು ಹೊದಿಸಿ, ಹಾರ ಹಾಕಿ ಭಾಷಣ ಮಾಡಿದೆ.

“ಮೂವತ್ತು ವರ್ಷ ಈ ಶೆಡ್ಡಿಗಾಗಿ ದುಡಿದ ನಮ್ಮ ದೊಡ್ಡವ್ವ ಇನ್ನು ಮುಂದೆ ಕಷ್ಟಪಡಬೇಕಾಗಿಲ್ಲ. ಇನ್ನು ಆರಾಮಾಗಿ ಕೂತಿದ್ದರೆ ಸಾಕು” ಎಂದೆ.

ಹೆಂಗಸರೆಲ್ಲ ಅಳತೊಡಗಿದರು. ನನ್ನ ಭಾಷಣಕ್ಕೆ ಯಾರಾದರೂ ಅತ್ತದ್ದು ಅದೇ ಮೊದಲು. ಹೆಮ್ಮೆಯಿಂದ ಉಬ್ಬಿಹೋದೆ. ಸೂಪರ್‌ವೈಸರ್ ಎಂಬ ಪದವನ್ನು ಕೊನೆಯಲ್ಲಿ ಹೇಳಿದೆನಾದರೂ ಆ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಿರಲಾರದು. ಎಡಚಿ ಎದ್ದು ನಿಂತು, “ದೊಡ್ಡವ್ವ ಎಲ್ಲೇ ಇರ್ಲಿ, ಚೆನ್ನಾಗಿರ್ಲಿ” ಎಂದಳು. ದೊಡ್ಡವ್ವ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ತನ್ನ ಗೋಣಿಚೀಲವನ್ನು ಮಡಿಸಿ ಎಡಚಿಯ ಕೈಗೆ ಕೊಟ್ಟಳು. ಕುರ್ಚಿ ಬಂತಲ್ಲ, ಗೋಣಿಚೀಲ ಯಾಕೆ ಎಂದು ನಾನು ತಿಳಿದುಕೊಂಡೆ.

ಮರುದಿನ ಬೆಳಿಗ್ಗೆ ಕುರ್ಚಿ ಖಾಲಿ.

“ದೊಡ್ಡವ್ವ ಎಲ್ಲಿ?”

“ಮಾದಿಹಳ್ಳಿಗೆ ಹೋಯ್ತಲ್ಲ, ಮಗಳ ಮನೆಗೆ” ಎಂದಳು ಎಡಚಿ.

“ಯಾವಾಗ ಬರತ್ತೆ?”

ಎಡಚಿ ಮಚ್ಚು ಕೆಳಗಿಟ್ಟಳು. “ಯಾಕ್ ಬತ್ತೈತೆ? ನೀವೇ ಶಾಲು ಹೊದ್ಸಿ ಕಳ್ಸಿಕೊಟ್ರಲ್ಲ ಅಮ್ಮಣ್ಣಿ.”

ಸ್ವಲ್ಪ ಹೊತ್ತು ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಅವರ ಲೋಕದಲ್ಲಿ ಶಾಲು ಹೊದೆಯುವುದು ಜೀವಮಾನಕ್ಕೆ ಒಂದೇ ಸಲ, ನಿವೃತ್ತಿಯ ದಿನ. ಶಾಲೆಯ ಹೆಡ್‌ಮಾಸ್ಟರಿಗೆ ಹೊದಿಸಿದರು, ಮಾರನೆಯ ದಿನ ಅವರು ಶಾಲೆಗೆ ಬರಲಿಲ್ಲ. ಪೋಸ್ಟ್‌ಮ್ಯಾನಿಗೆ ಹೊದಿಸಿದರು, ಅವನು ಮತ್ತೆ ಸೈಕಲ್ ಹತ್ತಲಿಲ್ಲ. ಕುರ್ಚಿ, ಹಾರ, ಹಣ್ಣಿನ ತಟ್ಟೆ, ‘ಇನ್ನು ಆರಾಮಾಗಿ ಕೂತಿದ್ದರೆ ಸಾಕು’ ಎಂಬ ಭಾಷಣ. ಮುದುಕಿಯನ್ನು ಕೆಲಸದಿಂದ ತೆಗೆಯಲು ನಾನು ಒಂದನ್ನೂ ಬಾಕಿ ಉಳಿಸಿರಲಿಲ್ಲ.

“ನಿನ್ನೆಯೇ ಯಾಕೆ ಹೇಳ್ಲಿಲ್ಲ?” ಎಂದು ಕಿರುಚಿದೆ. “ಅಷ್ಟು ಚೆನ್ನಾಗಿ ಮಾಡಿದ್ರಿ, ಮಧ್ಯ ಯಾಕ್ ಮಾತಾಡದು ಅಂತ” ಎಂದಳೊಬ್ಬಳು.

ಆ ಗಳಿಗೆಯಲ್ಲೇ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಒಂದು, ನಾಚಿಕೆ. ಎರಡು, ಹೇಗೂ ಹೋದಳಲ್ಲ, ನನ್ನ ಪದ್ಧತಿ ಅವಳಿಲ್ಲದೆ ನಡೆದರೆ ಇನ್ನೂ ಚೆನ್ನ ಎಂಬ ಜಂಬ. ಬುಟ್ಟಿ ಹಂಚಿದೆ. ಅವರವರ ಕಾಯಿಯನ್ನು ಅವರವರೇ ಕಿವಿಗೆ ಹಿಡಿದು ಅಲ್ಲಾಡಿಸಿ ಒಡೆದರು. ದೊಡ್ಡವ್ವನ ಮೇಲಿನ ಪ್ರೀತಿಗೆ ಸನ್ಮಾನದ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಅವಳು ಬಿಟ್ಟುಹೋಗಿದ್ದ ಗಂಧದ ಹಾರವನ್ನು ಎಸೆಯಲು ಮನಸ್ಸಾಗದೆ ಅದನ್ನೂ ಆ ಫೋಟೋಗೇ ಹಾಕಿದೆ. ಎರಡನೆಯ ದಿನ ನೋಡಿದರೆ ಯಾರೋ ಅಭ್ಯಾಸಬಲದಿಂದ ಅದರ ಮುಂದೆ ಊದುಬತ್ತಿ ಹಚ್ಚಿಟ್ಟಿದ್ದರು. ಕೊಬ್ಬರಿ ಕೊಳ್ಳುವವರೊಬ್ಬರು ಬಂದು ಚಪ್ಪಲಿ ಬಿಟ್ಟು ಕೈಮುಗಿದು, “ಯಾವಾಗ ತೀರ್ಕೊಂಡ್ರು?” ಎಂದು ಕೇಳಿದರು.

ಹೋಳಿನ ರಾಶಿ ಬೆಳೆಯಿತು. ಮೊದಲ ದಿನ ಅಭ್ಯಾಸವಿಲ್ಲ ಎಂದುಕೊಂಡೆ. ಮೂರನೆಯ ದಿನ ಮಚ್ಚು ಸರಿಯಿಲ್ಲ ಎಂದು ಎಲ್ಲವನ್ನೂ ಸಾಣೆ ಹಿಡಿಸಿದೆ, ಹೋಳು ಇನ್ನೂ ಚೂಪಾಗಿ ಬಂತು. ಟೈಲ್ಸ್‌ನವನು ಈಗ ಟೇಪಿನ ಜೊತೆ ಒಬ್ಬ ಪೇಂಟರನ್ನೂ ಕರೆದುಕೊಂಡು ಬರತೊಡಗಿದ. ಅಪ್ಪ ದಿನಾ ಬಂದು ಮೂಲೆಯಲ್ಲಿ ಕೂತು ಹೋಳು ತಿನ್ನುತ್ತಿದ್ದರು. ವಾರದ ಕೊನೆಗೆ ಬರಿದಾದ ಜೇಬನ್ನು ತಡಕಿಕೊಂಡು, “ಈ ವಾರ ಬೆಲ್ಲ ಸಾಕಾಗ್ತಾ ಇಲ್ಲ ಕಣಮ್ಮ” ಎಂದರು. ಆ ಮಾತು ಮುಖಕ್ಕೆ ಹೊಡೆದ ಹಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲೆ ತೋರಿಸಲಾಗದೆ ಹೆಂಗಸರ ಮೇಲೆ ತಿರುಗಿದೆ. “ಒಂದು ಕಾಯಿಯ ಸದ್ದು ಗೊತ್ತಾಗಲ್ವಾ? ನಿಮಗೆ ಕಿವಿ ಇಲ್ವಾ?”

“ಐತೆ” ಎಂದಳು ಎಡಚಿ, ತಲೆ ಎತ್ತದೆ. “ಮಾದಿಹಳ್ಳಿಲೈತೆ.”

ಮಾರನೆಯ ದಿನ ಹಳೇಬೀಡಿನ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಇಳಿದು ಮಾದಿಹಳ್ಳಿಗೆ ಬೇರೆ ಬಸ್ಸು ಹಿಡಿಯಬೇಕು. ಬರಿಗೈಯಲ್ಲಿ ಹೋಗುವುದು ಹೇಗೆಂದು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ನಾಲ್ಕು ಸೇಬು ತೆಗೆದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಮಡಿಲಿನ ಚೀಲ ನೋಡಿಕೊಂಡೆ. ಮತ್ತೆ ಹಣ್ಣು! ಇದನ್ನು ಕಂಡರೆ ಮುದುಕಿ ಈ ಸಲ ಮಾದಿಹಳ್ಳಿಯನ್ನೂ ಬಿಟ್ಟು ಬೇಲೂರಿಗೆ ಹೋದಾಳು. ನಾಲ್ಕು ಬಾಳೆಹಣ್ಣು ನಾನೇ ತಿಂದೆ, ಉಳಿದದ್ದನ್ನೆಲ್ಲ ಪಕ್ಕದ ಸೀಟಿನ ಹೆಂಗಸಿನ ಮಡಿಲಿಗೆ ಹಾಕಿದೆ. ಆಕೆ ನನ್ನನ್ನು ಯಾವುದೋ ಹರಕೆ ಹೊತ್ತವಳೆಂದು ತಿಳಿದು ಕಣ್ಣಿಗೊತ್ತಿಕೊಂಡಳು.

ದೊಡ್ಡವ್ವ ಮಗಳ ಮನೆಯ ಜಗಲಿಯ ಮೇಲೆ ಕೂತಿದ್ದಳು. ಸುತ್ತ ನಾಲ್ಕೈದು ಜನ ನೆರೆಯವರು, ಒಬ್ಬೊಬ್ಬರ ಕೈಯಲ್ಲೂ ತೆಂಗಿನಕಾಯಿ. ಅವಳು ಒಂದನ್ನು ಕಿವಿಗೆ ಹಿಡಿದು, “ಇದಕ್ಕಿನ್ನೂ ಹದಿನೈದು ದಿನ ಬೇಕು ಕಣವ್ವ” ಎಂದು ತಿರುಗಿ ಕೊಡುತ್ತಿದ್ದಳು. ಹಿಂದೆ ಗೋಡೆಯ ಮೊಳೆಗೆ ನಾನು ಹೊದಿಸಿದ ಶಾಲು ಪ್ಲಾಸ್ಟಿಕ್ ಕವರಿನೊಳಗೆ ಹಾಗೆಯೇ ತೂಗುತ್ತಿತ್ತು.

“ಬಾ ಅಮ್ಮಣ್ಣಿ. ಮೊದ್ಲು ಉಣ್ಣು” ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮುದ್ದೆ, ಸಾರು ಉಂಡು ಕೈತೊಳೆಯುತ್ತಲೇ ನನ್ನ ಬಾಯಿ ಶುರುವಾಯಿತು. “ನಿನ್ನನ್ನ ತೆಗೆದಿದೀನಿ ಅಂತ ಯಾರು ಹೇಳಿದ್ರು ದೊಡ್ಡವ್ವ? ನಿನ್ನ ಸೂಪರ್‌ವೈಸರ್ ಮಾಡಿದ್ದೆ ನಾನು!”

“ಹಂಗಂದ್ರೆ?”

“ಕೆಲಸ ಮಾಡಂಗಿಲ್ಲ, ಕೂತ್ಕೊಂಡು ನೋಡೋದು.”

ಅವಳು ಎಲೆಗೆ ಸುಣ್ಣ ಸವರಿದಳು. “ಸತ್ಮೇಲೆ ಫೋಟೋದಾಗೆ ಕೂತ್ಕಂಡು ಅದನ್ನೇ ತಾನೆ ಮಾಡದು? ಈಗ್ಲೇ ಯಾಕೆ?”

ನನಗೆ ಶೆಡ್ಡಿನ ಗೋಡೆ, ಹಾರ, ಊದುಬತ್ತಿ ಎಲ್ಲ ನೆನಪಾದವು.

“ಗಿಟಕು ಹೆಂಗ್ ಬತ್ತಾ ಐತೆ?” ಎಂದು ಕೇಳಿದಳು. ಹೋಳಿನ ರಾಶಿಯನ್ನೂ ನನ್ನ ಬುಟ್ಟಿ ಪದ್ಧತಿಯನ್ನೂ ಹೇಳಿದೆ. “ಬುಟ್ಟಿ ಹೆಂಗ್ ಹಂಚ್ತಾ ಇದೀಯ?”

“ಎಲ್ಲರಿಗೂ ಒಂದೇ ಸಮ.”

“ಅಯ್ಯೋ ನನ್ ಕೂಸೆ” ಎಂದು ನಕ್ಕುಬಿಟ್ಟಳು. “ಎಡಚಿದು ಕಲ್ಲಿನಂಥ ಕೈ. ಅವ್ಳಿಗೆ ದಪ್ಪ ಚಿಪ್ಪಿಂದೇ ಹಾಕ್ಬೇಕು, ತೆಳು ಚಿಪ್ಪು ಕೊಟ್ರೆ ಒಳಗಿಂದೂ ಪುಡಿ ಮಾಡ್ತಾಳೆ. ಮದ್ವೆಯಾಗಿ ಬಂದು ಹೊಸದಾಗಿ ಕೆಲ್ಸಕ್ಕೆ ಸೇರೈತಲ್ಲ ಆ ಸೊಸೆ, ಅದಕ್ಕೆ ಕೈಯಿನ್ನೂ ಹೆದ್ರತೈತೆ. ಗಲಗಲ ಅಂತ ಪೂರಾ ಬಿಟ್ಕಂಡಿರದನ್ನ ಕೊಟ್ರೆ ಅದಕ್ಕೂ ಒಂದ್ ಧೈರ್ಯ. ಮನೇಲಿ ಮಗೀಗೆ ಜ್ವರ ಅಂತ ಯಾರಾದ್ರೂ ನಿದ್ದೆಗೆಟ್ಟು ಬಂದಿದ್ರೆ ಅವತ್ತು ಅವ್ರಿಗೆ ಸುಲಭದ್ದೇ. ನಾನು ಬರೀ ಕಾಯಿ ಸದ್ದು ಕೇಳ್ತೀನಿ ಅಂದ್ಕಂಡ್ಯಾ? ಅವ್ರ ಮಚ್ಚಿನ ಸದ್ದೂ ಕೇಳ್ತಿರ್ತೀನಿ.”

ನಾನು ಜಗಲಿಯ ಮೇಲೆ ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಯಾರ ಕೈಗೆ ಯಾವ ಕೆಲಸ ಎಂಬುದನ್ನು ಹನ್ನೆರಡು ವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದವಳು ನಾನು. ಅದು ಕಣ್ಣೆದುರೇ ಎಲೆಅಡಿಕೆ ಜಗಿಯುತ್ತ ಕೂತಿದ್ದಾಗ ಮೊಬೈಲಿನಲ್ಲಿ ಸಮಯ ನೋಡಿದವಳೂ ನಾನೇ. ಎಮ್ಮೆ ಕರು ಹಾಕಿದ್ದನ್ನು, ಮಗುವಿನ ಜ್ವರವನ್ನು ಅವಳು ಯಾಕೆ ವಿಚಾರಿಸುತ್ತಿದ್ದಳೆಂದು ಆಗ ಗೊತ್ತಾಯಿತು.

“ಬಾ ದೊಡ್ಡವ್ವ” ಎಂದೆ. “ಅಟ್ಟ ಅರ್ಧ ಖಾಲಿಯಾಗಿದೆ. ಹೀಗೇ ಹೋಳಾದ್ರೆ ಅಪ್ಪ ಟೈಲ್ಸ್‌ನೋನಿಗೆ ಕೊಟ್ಬಿಡ್ತಾರೆ. ನನಗೆ ಆ ಶೆಡ್ ಬೇಕು.” ಹೇಳುತ್ತ ಹೇಳುತ್ತ ಅಳು ಬಂತು. ಮಕ್ಕಳ ಹಾಗೆ ಅತ್ತೆ.

“ಹೆಂಗ್ ಬರ್ಲವ್ವ? ನೀನು ಶಾಲು ಹೊದ್ಸಿದ್ದಕ್ಕೆ ಇಲ್ಲಿ ಬೀಗ್ರು ಹೋಳ್ಗೆ ಮಾಡಿ ಊರಿಗೆಲ್ಲ ಹಂಚವ್ರೆ. ಈಗ ಎದ್ದು ಹೊಂಟ್ರೆ, ಮರ್ಯಾದಿ ಮಾಡಿ ಕಳ್ಸಿದ್ರೂ ಮುದುಕಿಗೆ ಆಸೆ ಹೋಗಿಲ್ಲ ಅನ್ನಲ್ವಾ ಜನ?” ಎಂದಳು. ನನ್ನ ಬೆನ್ನು ಸವರಿದಳು. “ಅಳ್ಬ್ಯಾಡ. ವಸಿ ಯೋಚ್ನೆ ಮಾಡ್ತೀನಿ. ಆ ಕುರ್ಚಿ ಐತಾ?”

“ಇದೆ.”

“ಇರ್ಲಿ, ಎತ್ತಿಡಬ್ಯಾಡ.”

ಸೋಮವಾರ ಬೆಳಿಗ್ಗೆ, ನಾನು ಬುಟ್ಟಿ ಹಂಚಲು ನಿಂತಿದ್ದೆ. ದೊಡ್ಡವ್ವ ಬಾಗಿಲಲ್ಲಿ ಕಾಣಿಸಿದಳು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು. ಏಳು ಮಚ್ಚೂ ನಿಂತವು. ಅವಳು ನೆಟ್ಟಗೆ ಬಂದು ನನ್ನ ತೋಳು ಹಿಡಿದು ಕೆಂಪು ಬಟ್ಟೆಯ ಕುರ್ಚಿಯ ಮೇಲೆ ಕೂರಿಸಿದಳು. ಶಾಲು ಬಿಡಿಸಿ ನನ್ನ ಹೆಗಲಿಗೆ ಹೊದಿಸಿದಳು. ಗೋಡೆಯ ಮೇಲಿನ ಫೋಟೋ ಕಡೆ ಒಂದು ಸಲ ನೋಡಿ, “ಅಯ್ಯೋ ಪಾಪಿಗಳಾ” ಎಂದು ಅದರ ಮೇಲಿದ್ದ ಗಂಧದ ಹಾರ ತೆಗೆದು ನನ್ನ ಕೊರಳಿಗೆ ಹಾಕಿದಳು. ಆಮೇಲೆ ಎಲ್ಲರ ಕಡೆ ತಿರುಗಿ, ನಾನು ನಿಂತಿದ್ದ ಜಾಗದಲ್ಲೇ ನಿಂತು ಭಾಷಣ ಮಾಡಿದಳು.

“ನಮ್ಮ ಅಮ್ಮಣ್ಣಿ ಈ ಶೆಡ್ಡಿನೊಳಗೆ ಹದಿನೈದು ದಿನ ಬಾಳ ಕಷ್ಟಪಟ್ಟು ಸೇವೆ ಮಾಡವ್ಳೆ. ಏಣಿ ಮಾಡ್ಸವ್ಳೆ. ಇವತ್ತಿಗೆ ಒಳಗಿನ ಸೇವೆ ಮುಗೀತು. ಇನ್ಮೇಲೆ ಆರಾಮಾಗಿ ಆಚೆ ಕೂತಿರ್ಲಿ.”

ಹೆಂಗಸರು ಚಪ್ಪಾಳೆ ತಟ್ಟಿದರು. ಎಡಚಿ, “ಎಲ್ಲೇ ಇರ್ಲಿ, ಚೆನ್ನಾಗಿರ್ಲಿ” ಎಂದು ಕೂಗಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ಇಬ್ಬರು ಹೆಂಗಸರು ಕುರ್ಚಿಯನ್ನು ಎತ್ತಿಕೊಂಡು ಹೋಗಿ ಬಾಗಿಲ ಹೊರಗೆ ಇಟ್ಟರು. ಎಡಚಿ ಗೋಣಿಚೀಲವನ್ನು ತಿರುಗಿ ಕೊಟ್ಟಳು. ದೊಡ್ಡವ್ವ ಅದನ್ನು ಕೊಡವಿ ನಡುವೆ ಹಾಕಿಕೊಂಡು ಕೂತಳು. ಶಾಲು ಈಗ ನನ್ನ ಮೇಲಿತ್ತು, ಅವಳ ಮೇಲಲ್ಲ. ಅಲ್ಲಿಗೆ ಯಾರೂ ಯಾರನ್ನೂ ಆಡಿಕೊಳ್ಳುವ ಹಾಗಿರಲಿಲ್ಲ.

ಆ ದಿನದಿಂದ ನನ್ನ ಜಾಗ ಬಾಗಿಲು. ಹೊರಗೆ ಎಷ್ಟು ಕೆಲಸವಿತ್ತೆಂದು ಅಲ್ಲಿ ಕೂತ ಮೇಲೆ ಕಾಣಿಸಿತು. ಲಾರಿಯವನು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ, ಚೀಲ ತೂತಾಗಿರುತ್ತಿತ್ತು, ಕೊಳ್ಳುವವರಿಗೆ ಫೋನ್ ಮಾಡುವವರಿರಲಿಲ್ಲ, ಟೀ ನಿಜವಾಗಿಯೂ ನೀರಾಗಿರುತ್ತಿತ್ತು. ಇವುಗಳ ಮೇಲೆ ನನ್ನ ಕೂಗಾಟಕ್ಕೆ ಕೊನೆಗೂ ಒಂದು ಪ್ರಯೋಜನ ಸಿಕ್ಕಿತು. ಒಂದು ಮಾತನ್ನು ಮಾತ್ರ ಹೆದರುತ್ತ ಹೆದರುತ್ತ ಒಳಗೆ ಹೋಗಿ ಹೇಳಿದೆ. “ದೊಡ್ಡವ್ವ, ನಿನಗೊಂದು ದಿನ ಹುಷಾರಿಲ್ಲ ಅಂದ್ರೆ ನಮ್ಮ ಗತಿ ಏನು? ಯಾರಿಗಾದ್ರೂ ಕಿವಿ ಕಲಿಸು.” ಅವಳು, “ಇಷ್ಟೇನಾ? ಇದನ್ನ ಹೇಳಾಕೆ ಶಾಲು ಯಾಕ್ ಬೇಕಿತ್ತು?” ಎಂದು ಎಡಚಿಯನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

ಅಟ್ಟ ಖಾಲಿಯಾದ ದಿನ ಅಪ್ಪ ಆಟೋದಲ್ಲಿ ಬಂದರು. ಟೈಲ್ಸ್‌ನವನು ಆಗಲೇ ಬಂದು, ಟೇಪಿನ ತುದಿಯನ್ನು ಪೇಂಟರನ ಕೈಗೆ ಕೊಟ್ಟು ನಿಂತಿದ್ದ. ಅಪ್ಪ ನೇರವಾಗಿ ಹೋಗಿ ಏಣಿ ಹಿಡಿದರು. ಬೇಡ ಎಂದರೂ ಕೇಳಲಿಲ್ಲ. ಒಂದು ಮೆಟ್ಟಿಲು, ಎರಡು, ಮೂರನೆಯದರ ಮೇಲೆ ನಿಂತು ಕಾಲಲ್ಲಿ ಒತ್ತಿ ನೋಡಿದರು. ಗಟ್ಟಿಯಾಗಿತ್ತು. ಅಲ್ಲಿಂದಲೇ ಕತ್ತು ಚಾಚಿ ಬರಿದಾದ ಅಟ್ಟವನ್ನು ನೋಡಿ, ನಿಧಾನವಾಗಿ ಇಳಿದು, ತಮ್ಮ ಮೂಲೆಯಲ್ಲಿ ಕೂತರು. ಜೇಬಿನಿಂದ ಬೆಲ್ಲ ತೆಗೆದು ಕೈ ಚಾಚಿದರು.

“ಒಂದ್ ಹೋಳು ಕೊಡ್ರವ್ವ.”

ಎಡಚಿ ತನ್ನ ಬುಟ್ಟಿ ನೋಡಿದಳು. ಹೊಸ ಸೊಸೆ ತನ್ನದನ್ನು ತಡಕಿದಳು. ಒಬ್ಬೊಬ್ಬರೂ ರಾಶಿ ಕೆದಕಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

“ಬೆಳಿಗ್ಗೆ ಎರಡ್ ಮೂರು ಇದ್ವು ಸಾವ್ಕಾರ್ರೇ, ಟೀ ಜೊತೆ ನಾವೇ ತಿಂದ್ಬುಟ್ವಿ” ಎಂದಳು ಎಡಚಿ. “ಈಗ ಯಾವ್ದೂ ಇಲ್ಲ.”

ಅಪ್ಪ ಅಂಗೈಯಲ್ಲಿದ್ದ ಬೆಲ್ಲವನ್ನೇ ನೋಡುತ್ತ ಕೂತರು. ಆಮೇಲೆ ಅದನ್ನೊಂದನ್ನೇ ಬಾಯಿಗೆ ಹಾಕಿಕೊಂಡು, “ಆ ಟೇಪು ಸುತ್ತಿ ಜೇಬಿಗಿಟ್ಕೊಳಪ್ಪ” ಎಂದರು ಟೈಲ್ಸ್‌ನವನಿಗೆ. ಫೋನು ತೆಗೆದು, ವರ್ಷವರ್ಷವೂ ನಮಗೆ ಕಾಯಿ ಕೊಡುವ ರೈತರೊಬ್ಬರಿಗೆ ಕರೆ ಮಾಡಿದರು.

“ಅಟ್ಟ ಖಾಲಿ ಐತೆ, ಕಾಯಿ ಕಳ್ಸಿ” ಎಂದರು. “ಹ್ಞೂಂ, ಈ ವರ್ಷನೂ. ನನ್ನ ಯಾಕ್ ಕೇಳ್ತೀರಿ? ಬಾಗ್ಲಲ್ಲಿ ನನ್ ಮಗಳು ಕೂತಿರ್ತಾಳೆ, ಅವಳನ್ನ ಕೇಳಿ.”

ನಾನು ಹೊರಗೆ ಹೋಗಿ ಕುರ್ಚಿಯ ಮೇಲೆ ಕೂತೆ.